ಮುಸ್ಲಿಂ ಮಗಳ ಪಾಲು: ಲೆಕ್ಕ ಹಾಕುವುದು ಹೇಗೆ, ಕೈಗೆ ಬರಿಸಿಕೊಳ್ಳುವುದು ಹೇಗೆ

ಕ್ರಿ.ಶ. 625ರಲ್ಲಿ ನಡೆದ ಉಹುದ್ ಯುದ್ಧದಲ್ಲಿ ಮದೀನಾದ ಸಅದ್ ಇಬ್ನ್ ರಬೀ ಮಡಿದರು. ಅವರ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿ ಮುಹಮ್ಮದರ ಬಳಿ ಬಂದರು. ಮಕ್ಕಳ ತಂದೆಯ ಸಹೋದರ ಆಸ್ತಿಯನ್ನೆಲ್ಲ ತೆಗೆದುಕೊಂಡಿದ್ದಾನೆ, ಏನೂ ಇಲ್ಲದ ಈ ಹುಡುಗಿಯರನ್ನು ಯಾರು ಮದುವೆಯಾಗುತ್ತಾರೆ ಎಂಬುದು ಆ ತಾಯಿಯ ಅಳಲು. ಆಯುಧ ಹಿಡಿದು ಕುಲವನ್ನು ಕಾಯುವವರಿಗೆ ಮಾತ್ರ ಆಸ್ತಿ ಎಂಬುದು ಅಂದಿನ ಅರಬರ ರೂಢಿ. ಕುರಾನಿನ 'ಅನ್ನಿಸಾ' ಅಧ್ಯಾಯದ ಹಂಚಿಕೆಯ ವಚನ ಇಳಿದದ್ದು ಈ ಪ್ರಕರಣದಲ್ಲಿ ಎಂದು ಹದೀಸ್, ಅಂದರೆ ಪ್ರವಾದಿಯ ನುಡಿನಡೆಗಳ ವರದಿ, ಹೇಳುತ್ತದೆ. ತೀರ್ಪು ಹೀಗಿತ್ತು: ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಭಾಗ, ಹೆಂಡತಿಗೆ ಎಂಟರಲ್ಲಿ ಒಂದು, ಮಿಕ್ಕಿದ್ದು ಮಾತ್ರ ಆ ಸಹೋದರನಿಗೆ. ಅಂದರೆ 24 ಭಾಗಗಳಲ್ಲಿ 19 ಹೆಂಗಸರ ಕೈಗೆ ಬಂದವು.

ಇಸ್ಲಾಮಿಗೆ ಮುಂಚೆ ಹೆಣ್ಣಿಗೆ ಎಲ್ಲಿಯೂ ಏನೂ ಇರಲಿಲ್ಲ ಎನ್ನುವುದು ಅತಿಯಾದ ಮಾತು. ಪ್ರವಾದಿಯ ಮೊದಲ ಹೆಂಡತಿ ಖದೀಜಾ ಅದಕ್ಕೂ ಮೊದಲೇ ಮೆಕ್ಕಾದಲ್ಲಿ ವ್ಯಾಪಾರ ನಡೆಸುತ್ತಿದ್ದರು. ಬೈಜಾಂಟಿಯಮ್‌ನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಚಕ್ರವರ್ತಿ ಜಸ್ಟೀನಿಯನ್ 543ರಲ್ಲಿ ಮಾಡಿದ ಕಾನೂನು ಮಗನಿಗೂ ಮಗಳಿಗೂ ಸಮಪಾಲು ಕೊಟ್ಟಿತ್ತು. ಯಹೂದಿ ಕಾನೂನಿನಲ್ಲಿ ಗಂಡುಮಕ್ಕಳಿಲ್ಲದಿದ್ದರೆ ಮಾತ್ರ ಹೆಣ್ಣುಮಕ್ಕಳಿಗೆ ಆಸ್ತಿ. ಮದೀನಾದಲ್ಲಾದರೋ ಸತ್ತವನ ಬಂಧುವೊಬ್ಬ ವಿಧವೆಯ ಮೇಲೆ ಬಟ್ಟೆ ಹಾಕಿ ಅವಳನ್ನೇ ತನ್ನ ಸ್ವತ್ತೆಂದು ಸಾರುವ ಪದ್ಧತಿಯ ವರದಿಗಳಿವೆ. ಹೆಂಗಸರನ್ನು ಬಲವಂತವಾಗಿ ಉತ್ತರಾಧಿಕಾರವಾಗಿ ಪಡೆಯಬೇಡಿ ಎಂದು ಕುರಾನ್ (4:19) ತಡೆದದ್ದು ಇದನ್ನೇ. ಆಸ್ತಿಯಂತೆ ಹಂಚಿಹೋಗುತ್ತಿದ್ದವಳು ಆಸ್ತಿಯ ಹಕ್ಕುದಾರಳಾದಳು. ಮದುವೆಯಾದ ಮೇಲೂ ಅವಳ ಸ್ವತ್ತು ಅವಳದೇ. ಇಂಗ್ಲೆಂಡಿನ ಹೆಂಡತಿಯರಿಗೆ ಇಷ್ಟು ಪೂರ್ಣವಾಗಿ ಸಿಕ್ಕಿದ್ದು 1882ರ ಕಾಯ್ದೆಯಿಂದ.

ಇಷ್ಟಿದ್ದೂ ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಮಗಳ ಪಾಲು ಕಾಗದದಲ್ಲೇ ಉಳಿಯುತ್ತದೆ. 'ಮದುವೆಗೆ ಖರ್ಚು ಮಾಡಿದ್ದೇವಲ್ಲ, ಇನ್ನೆಂಥ ಪಾಲು?' ಎಂಬ ಒಂದು ಮಾತಿಗೆ ಅಕ್ಕತಂಗಿಯರು ಸುಮ್ಮನಾಗುತ್ತಾರೆ. ಸ್ಥಳೀಯ ರೂಢಿಯ ಹೆಸರಿನಲ್ಲಿ ಹೀಗೆ ಹೆಂಗಸರನ್ನು ಹೊರಗಿಡುವುದನ್ನು ತಡೆಯಲೆಂದೇ 1937ರಲ್ಲಿ ಷರೀಯತ್ ಅನ್ವಯ ಕಾಯ್ದೆ ಬಂತು. ನಿಮ್ಮ ಪಾಲು ಎಷ್ಟೆಂದು ನೀವೇ ಲೆಕ್ಕ ಹಾಕಬಹುದು. ಇಲ್ಲಿ ಹೇಳುತ್ತಿರುವುದು ಸುನ್ನಿ ಪದ್ಧತಿ. ಶಿಯಾ ಲೆಕ್ಕದಲ್ಲಿ ವ್ಯತ್ಯಾಸಗಳಿವೆ.

ಮೊದಲು, ಸಾವಿನ ದಿನ ಬದುಕಿದ್ದವರ ಪಟ್ಟಿ ಮಾಡಿ

ಮುಸ್ಲಿಂ ಕಾನೂನಿನಲ್ಲಿ ಹುಟ್ಟಿನಿಂದ ಬರುವ ಪಾಲಿಲ್ಲ. ಪಿತ್ರಾರ್ಜಿತ, ಸ್ವಯಾರ್ಜಿತ ಎಂಬ ಭೇದವೂ ಇಲ್ಲ. ತಂದೆ ತೀರಿಕೊಂಡ ಗಳಿಗೆಯಲ್ಲಿ ಯಾರಿದ್ದರೋ ಅವರಿಗೆ ಹಕ್ಕು. ಮರಣ ಪ್ರಮಾಣಪತ್ರದ ಜೊತೆಗೆ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸುವಾಗ ಎಚ್ಚರವಾಗಿರಿ. ಮದುವೆಯಾದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ಇಲ್ಲಿಯೇ.

ತಂದೆಗಿಂತ ಮೊದಲೇ ತೀರಿಕೊಂಡ ಮಗನಿದ್ದರೆ, ಇನ್ನೊಬ್ಬ ಮಗ ಬದುಕಿರುವಾಗ ಆ ಮೊಮ್ಮಕ್ಕಳಿಗೆ ಪಾಲು ಬರುವುದಿಲ್ಲ. ನನಗೆ ಬಹಳ ನೋವು ಕೊಡುವ ನಿಯಮವಿದು. ಅಜ್ಜ ಬದುಕಿರುವಾಗಲೇ ಅವರ ಹೆಸರಿಗೆ ವಸಿಯತ್, ಅಂದರೆ ಉಯಿಲು, ಬರೆದರೆ ಮೂರರಲ್ಲಿ ಒಂದು ಭಾಗದವರೆಗೆ ಕೊಡಬಹುದು. ಅಂಥ ಮನೆಯಲ್ಲಿ ಈ ಮಾತನ್ನು ದಯವಿಟ್ಟು ಇಂದೇ ಎತ್ತಿ.

ಆಮೇಲೆ ಸಾಲ ಕಳೆಯಿರಿ. ಮೆಹರ್ ಕೂಡ ಸಾಲವೇ

ಅಂತ್ಯಕ್ರಿಯೆಯ ಖರ್ಚು, ಸಾಲ, ಬಳಿಕ ಉಳಿದುದರಲ್ಲಿ ಮೂರನೇ ಒಂದು ಭಾಗ ಮೀರದ ವಸಿಯತ್ ಕಳೆದ ಮೇಲಷ್ಟೇ ಹಂಚಿಕೆ. ಮೆಹರ್ ಎಂದರೆ ಮದುವೆಯ ಕರಾರಿನಂತೆ ಗಂಡ ಹೆಂಡತಿಗೆ ಕೊಡಬೇಕಾದ ಹಣ ಅಥವಾ ಸ್ವತ್ತು. ತಾಯಿಗೆ ನಿಕಾಹ್ ಸಮಯದಲ್ಲಿ ಗೊತ್ತುಮಾಡಿ ಕೊಡದೆ ಉಳಿಸಿದ ಮೆಹರ್ ಇದ್ದರೆ ಅದು ಗಂಡನ ಸಾಲ. ಅದನ್ನು ತೀರಿಸಿದ ಮೇಲೂ ಆಕೆಯ ಎಂಟನೇ ಒಂದು ಭಾಗ ಬೇರೆಯಾಗಿಯೇ ಸಿಗಬೇಕು. ಗಂಡನ ಆಸ್ತಿಯ ಸ್ವಾಧೀನವನ್ನು ನ್ಯಾಯವಾಗಿ ಪಡೆದಿರುವ ವಿಧವೆ ಮೆಹರ್ ಸಲ್ಲುವವರೆಗೆ ಅದನ್ನು ಬಿಟ್ಟುಕೊಡಬೇಕಿಲ್ಲ ಎಂಬುದನ್ನು ಬ್ರಿಟಿಷ್ ಆಳ್ವಿಕೆಯ ಕಾಲದ ಅತ್ಯುನ್ನತ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ 1925ರಲ್ಲಿ ಒಪ್ಪಿದೆ. ಆದರೆ ಮೆಹರ್‌ಗಾಗಿ ದಾವೆ ಹೂಡುವುದಾದರೆ ಗಂಡ ಸತ್ತ ಮೂರು ವರ್ಷದೊಳಗೆ ಹೂಡಬೇಕು. ಮದುವೆಯ ಕರಾರುಪತ್ರವಾದ ನಿಕಾಹ್‌ನಾಮಾ ಹುಡುಕಿ ತೆಗೆದಿಡಿ.

ಈಗ ಲೆಕ್ಕ

ಮನೆ, ಅಂಗಡಿ, ಬ್ಯಾಂಕಿನ ಹಣ ಸೇರಿ 26 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಆಸ್ಪತ್ರೆ ಸಾಲ 1 ಲಕ್ಷ, ಮೆಹರ್ 1 ಲಕ್ಷ. ಉಳಿದದ್ದು 24 ಲಕ್ಷ. ಇರುವವರು ಹೆಂಡತಿ, ಸತ್ತವರ ತಾಯಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಮಕ್ಕಳಿರುವುದರಿಂದ ಹೆಂಡತಿಗೆ ಎಂಟರಲ್ಲಿ ಒಂದು, 3 ಲಕ್ಷ. ತಾಯಿಗೆ ಆರರಲ್ಲಿ ಒಂದು, 4 ಲಕ್ಷ. ಮಿಕ್ಕ 17 ಲಕ್ಷವನ್ನು ನಾಲ್ಕು ಮಾಡಿ, ಮಗನಿಗೆ ಎರಡು, ಹೆಣ್ಣುಮಕ್ಕಳಿಗೆ ಒಂದೊಂದು. ಒಬ್ಬೊಬ್ಬ ಮಗಳಿಗೆ 4.25 ಲಕ್ಷ, ಮಗನಿಗೆ 8.5 ಲಕ್ಷ.

ಮಗಳಿಗೆ ಅರ್ಧವೇಕೆ? ಮನೆ ನಡೆಸುವ ಹೊಣೆ, ಮೆಹರ್ ಕೊಡುವ ಹೊಣೆ ಗಂಡಿನದು ಎಂದು ಉಲೇಮಾಗಳು, ಅಂದರೆ ಧರ್ಮಪಂಡಿತರು, ವಿವರಿಸುತ್ತಾರೆ. ತಾವೇ ದುಡಿದು ತಂದೆತಾಯಿಯನ್ನು ಸಾಕುತ್ತಿರುವ ಹೆಣ್ಣುಮಕ್ಕಳು ಈ ವಿವರಣೆಯನ್ನು ಪ್ರಶ್ನಿಸುತ್ತಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದೆಂದು ನಾನು ನಂಬುತ್ತೇನೆ. ಆದರೆ ಆ ಚರ್ಚೆಯ ನೆರಳಿನಲ್ಲಿ ಇರುವ ಅರ್ಧವೂ ಅಣ್ಣತಮ್ಮಂದಿರ ಬಳಿಯೇ ಉಳಿಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಗಂಡುಮಕ್ಕಳಿಲ್ಲದಿದ್ದರೆ ಒಬ್ಬಳೇ ಮಗಳಿಗೆ ಅರ್ಧ, ಇಬ್ಬರು ಅಥವಾ ಹೆಚ್ಚಿನವರಿಗೆ ಒಟ್ಟಾಗಿ ಮೂರರಲ್ಲಿ ಎರಡು. ಉಳಿದದ್ದು ಸತ್ತವರ ತಂದೆಗೋ ಸಹೋದರರಿಗೋ ಹೋಗಬಹುದು. ಇದು ಬೇಡವೆನ್ನುವ ತಂದೆತಾಯಿ ಬದುಕಿರುವಾಗಲೇ ಹಿಬಾ, ಅಂದರೆ ದಾನ ಮಾಡಬಹುದು. ಕೊಟ್ಟೆನೆಂಬ ಘೋಷಣೆ, ಮಗಳ ಒಪ್ಪಿಗೆ, ಸ್ವಾಧೀನದ ಹಸ್ತಾಂತರ ಮೂರೂ ಇರಲೇಬೇಕು. ಕೀಲಿ ಕೊನೆಯವರೆಗೂ ತಂದೆಯ ಜೇಬಿನಲ್ಲೇ ಉಳಿದು ಸ್ವಾಧೀನ ಕೈಬದಲಾಗದಿದ್ದರೆ ಹಿಬಾ ನಿಲ್ಲುವುದಿಲ್ಲ.

ಸಹಿಗೆ ಮುಂಚೆ ಓದಿ

'ಬ್ಯಾಂಕಿನ ಕೆಲಸಕ್ಕೆ ಒಂದು ಸಹಿ' ಎಂದು ಮುಂದಿಟ್ಟ ಕಾಗದ ನಿಮ್ಮ ಪಾಲನ್ನು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರವಾಗಿರಬಹುದು. ಅದಕ್ಕೆ ಸಹಿ ಹಾಕಿ ನೋಂದಣಿಯಾದರೆ ಪಾಲು ಹೋಯಿತೆಂದೇ ತಿಳಿಯಿರಿ. ತಂದೆ ಬದುಕಿರುವಾಗ ಬರೆಸಿಕೊಂಡ ಹಕ್ಕುಬಿಡುಗಡೆಗೆ ಸಾಮಾನ್ಯವಾಗಿ ಬೆಲೆಯಿಲ್ಲ, ಏಕೆಂದರೆ ಆಗ ಬಿಡುವುದಕ್ಕೆ ಹಕ್ಕೇ ಹುಟ್ಟಿರುವುದಿಲ್ಲ. ಬದಲಿಗೆ ಹಣ ಪಡೆದಿದ್ದರೆ ಮಾತ್ರ ಆ ಸಹಿ ನಿಮ್ಮನ್ನು ಕಟ್ಟಿಹಾಕಬಹುದೆಂದು ಸುಪ್ರೀಂ ಕೋರ್ಟ್ 1973ರಲ್ಲಿ ಹೇಳಿದೆ. ಮದುವೆಯ ಖರ್ಚನ್ನು ಪಾಲಿನಲ್ಲಿ ತಾನಾಗಿಯೇ ವಜಾ ಮಾಡುವ ನಿಯಮ ಇಲ್ಲ.

ತವರಿನ ಬಾಗಿಲು ಮುಚ್ಚೀತು ಎಂಬ ಭಯ ದೊಡ್ಡದು, ನಿಜವಾದದ್ದು. ಅದಕ್ಕೇ ಮೊದಲು ಮಾತಿನಲ್ಲಿ ಕೇಳಿ, ಜಮಾತಿನ ಹಿರಿಯರ ಎದುರು ಲೆಕ್ಕದ ಹಾಳೆ ಇಡಿ. ಒಪ್ಪಿದರೆ ವಿಭಾಗ ಪತ್ರವನ್ನು ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಒಪ್ಪದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ವಿಭಾಗದ ದಾವೆ. ಕೃಷಿ ಜಮೀನಿದ್ದರೆ ಮೊದಲೇ ವಕೀಲರನ್ನು ಕೇಳಿ; 1937ರ ಕಾಯ್ದೆ ಅದನ್ನು ಹೊರಗಿಟ್ಟಿತ್ತು. ಖಾತೆ ಬದಲಾದ ಮೇಲೆ ಹೊಸ ಪಹಣಿ ತೆಗೆಸಿ, ಕಾಲಂ 9ರಲ್ಲಿ ನಿಮ್ಮ ಹೆಸರೂ ವಿಸ್ತೀರ್ಣವೂ ಬಂದಿದೆಯೇ ಎಂದು ನಿಮ್ಮ ಕಣ್ಣಿಂದಲೇ ನೋಡಿ.