ಖೋ ಖೋ ಅಂಕಣದಲ್ಲಿ ಕೋಚ್ ಬಾಯಿ: ಮಕ್ಕಳಿಗೆ ಕಲಿಸುವಾಗ ನಾನು ಅನುಸರಿಸುವ ಕ್ರಮ

ಫೌಲ್ ಆದ ಮರುಕ್ಷಣ ಮಗುವಿನ ಕಣ್ಣು ಎತ್ತ ಹೋಗುತ್ತದೆ ಅಂತ ಗಮನಿಸಿ. ಓಟಗಾರನನ್ನು ಹುಡುಕಿದರೆ ಮಗು ಆಟದೊಳಗಿದೆ. ಕೋಚ್ ಮುಖ ಹುಡುಕಿದರೆ ಅದು ಬೈಗುಳ ತಪ್ಪಿಸಿಕೊಳ್ಳಲು ಆಡುತ್ತಿದೆ ಅಂತಲೇ ಅರ್ಥ. ಹತ್ತರಿಂದ ಹದಿಮೂರು ವರ್ಷದವರಿಗೆ ಕಲಿಸುವಾಗ ನನ್ನ ಕ್ರಮ ಸರಿಯಿದೆಯೋ ಇಲ್ಲವೋ ಅಂತ ನಾನು ಅಳೆಯುವುದು ಇದರಿಂದಲೇ.

ಖೋ ಖೋದಲ್ಲಿ ಹೆದರಿಕೆ ಬೇಗ ಬಯಲಾಗುತ್ತದೆ. ಕೂತವರ ಬೆನ್ನು ಮುಟ್ಟುವ ಮೊದಲೇ ಖೋ ಅಂದರೆ ಫೌಲ್, ಖೋ ಸಿಗುವ ಮೊದಲೇ ಎದ್ದರೆ ಫೌಲ್, ನಡುಪಟ್ಟಿ ದಾಟಿದರೆ ಫೌಲ್, ಹಿಡಿದ ದಿಕ್ಕು ಬಿಟ್ಟು ಹಿಂತಿರುಗಿದರೂ ಫೌಲ್. ಪ್ರತಿ ಫೌಲಿಗೂ ಹೊರಗಿನಿಂದ ಕೂಗು ಬಂದರೆ ಮಗು ಒಂದು ಉಪಾಯ ಕಂಡುಕೊಳ್ಳುತ್ತದೆ: ಪೂರ್ತಿ ಖಾತ್ರಿಯಾಗುವ ತನಕ ಖೋ ಕೊಡುವುದೇ ಇಲ್ಲ. ಫೌಲ್ ಕಡಿಮೆಯಾಗುತ್ತದೆ, ಕೋಚ್‌ಗೆ ಸುಧಾರಣೆ ಅನ್ನಿಸುತ್ತದೆ. ಆದರೆ ಪ್ರತಿ ಖೋ ಒಂದು ಹೆಜ್ಜೆ ತಡ. ಆ ಒಂದು ಹೆಜ್ಜೆಯೇ ಓಟಗಾರನಿಗೆ ಬೇಕಾಗಿದ್ದದ್ದು. ಕಂಬದ ಬಳಿ ಡೈವ್ ಹೊಡೆಯುವವರೂ ನಿಂತುಹೋಗುತ್ತಾರೆ.

‘ಈಗ ಕೊಡೋ, ಈ ಕಡೆ ಕೊಡೋ’ ಅಂತ ಪ್ರತಿ ಖೋವನ್ನೂ ಹೊರಗಿನಿಂದ ಹೇಳಿಸುವುದು ಇನ್ನೊಂದು ರೋಗ. ಕೂತವರು ಓಟಗಾರನನ್ನು ಬಿಟ್ಟು ಕೋಚ್ ದನಿಗೆ ಕಿವಿಗೊಟ್ಟು ಕೂರುತ್ತಾರೆ. ಪಂದ್ಯದ ಗದ್ದಲದಲ್ಲಿ ಆ ದನಿ ಕೇಳದಿದ್ದರೆ ಎಂಟೂ ಜನ ಕಕ್ಕಾಬಿಕ್ಕಿ.

ಅದಕ್ಕೇ ಬೆನ್ನಟ್ಟುವ ಆಟ ಶುರುವಾದ ಮೇಲೆ ನಾನು ಬಾಯಿ ತೆರೆಯುವುದಿಲ್ಲ. ಮೂರು ನಿಮಿಷ ಆಟ, ಒಂದು ನಿಮಿಷ ಮಾತು. ದಿನಕ್ಕೊಂದೇ ವಿಷಯ. ಇವತ್ತು ಖೋ ಕೊಡುವ ಹೊತ್ತು ಅಂತಾದರೆ ಉಳಿದ ಫೌಲ್‌ಗಳಿಗೆ ಬರೀ ಸೀಟಿ, ವಿವರಣೆ ಇಲ್ಲ.

ತಿದ್ದುವುದು ಹೀಗೆ. ಮಗುವಿನ ಹತ್ತಿರ ಹೋಗಿ ಮಂಡಿಯೂರಿ, ಹೆಸರು ಹಿಡಿದು ಕೇಳುತ್ತೇನೆ: ‘ಖೋ ಕೊಡೋವಾಗ ಓಟಗಾರ ಎಲ್ಲಿದ್ದ?’ ಸರಿಯಾಗಿ ಹೇಳಿದರೆ ಕಣ್ಣು ಕೆಲಸ ಮಾಡಿದೆ, ಕೈ ತಡವಾಗಿದೆ. ಅಂಥವರಿಗೆ ನಾಲ್ಕು ಜನರನ್ನು ಕೂರಿಸಿ ಅರ್ಧ ವೇಗದಲ್ಲಿ ಖೋ ಕೊಡಿಸುತ್ತೇನೆ. ಮುಟ್ಟುವುದೂ ಕೂಗುವುದೂ ಒಟ್ಟಿಗೇ ಬರಬೇಕು. ‘ಗೊತ್ತಿಲ್ಲ ಸಾರ್’ ಅಂದರೆ ಮಗು ನೆಲ ನೋಡಿಕೊಂಡು ಓಡುತ್ತಿದೆ. ಅದಕ್ಕೆ ನಡಿಗೆಯಲ್ಲೇ ಬೆನ್ನಟ್ಟುವ ಅಭ್ಯಾಸ, ಕಣ್ಣು ಓಟಗಾರನ ಸೊಂಟದ ಮೇಲೆ. ತಲೆ, ಭುಜ ಎರಡೂ ಮೋಸ ಮಾಡುತ್ತವೆ. ಸೊಂಟ ಅಷ್ಟು ಸುಲಭವಾಗಿ ಮೋಸ ಮಾಡಲ್ಲ. ತಪ್ಪು ಒಂದೇ ಥರ ಕಂಡರೂ ಮದ್ದು ಬೇರೆ ಬೇರೆ. ದೂರದಿಂದ ಬೈದರೆ ಈ ವ್ಯತ್ಯಾಸ ಗೊತ್ತಾಗುವ ದಾರಿಯೇ ಇಲ್ಲ.

ಹೇಳುವ ಮಾತು ಒಂದೇ ವಾಕ್ಯ, ಮಾಡಬೇಕಾದ್ದನ್ನು ಹೇಳುವ ವಾಕ್ಯ. ‘ತಡ ಮಾಡಬೇಡ’ ಅಂದರೆ ಮಗುವಿನ ಕೈಗೆ ಏನೂ ಸಿಗುವುದಿಲ್ಲ. ‘ಓಟಗಾರ ಆ ಕಡೆ ನುಸುಳಿದ ಕೂಡಲೇ, ಆ ಕಡೆ ಮುಖ ಮಾಡಿ ಕೂತ ಹತ್ತಿರದವರ ಬೆನ್ನಿಗೆ ಕೈ’ ಅಂದರೆ ಸಿಗುತ್ತದೆ. ಹೇಳಿದ ತಕ್ಷಣ, ಮರೆಯುವ ಮೊದಲೇ, ಇನ್ನೊಮ್ಮೆ ಮಾಡಿಸಬೇಕು. ಸರಿಯಾದರೆ ಏನು ಸರಿಯಾಯಿತೋ ಅದನ್ನೇ ಹೆಸರಿಸಿ ಹೊಗಳಬೇಕು. ಎಲ್ಲದಕ್ಕೂ ಸೂಪರ್ ಅನ್ನುವ ಕೋಚ್ ಮಾತಿಗೆ ಮಕ್ಕಳಲ್ಲಿ ಬೆಲೆ ಉಳಿಯುವುದಿಲ್ಲ.

ಡೈವ್ ಕಲಿಸುವುದು ಹಂತ ಹಂತವಾಗಿ: ಕಲ್ಲು ಆರಿಸಿ, ಕಂಬದ ಸುತ್ತ ಮಣ್ಣು ಮೂರ್ನಾಲ್ಕು ಇಂಚು ಸಡಿಲ ಮಾಡಿ, ಕಂಬಕ್ಕೆ ದಪ್ಪ ಫೋಮ್ ಸುತ್ತಿ, ಮೊದಲು ಮಂಡಿಯಿಂದ, ಆಮೇಲೆ ಎರಡು ಹೆಜ್ಜೆಯಿಂದ, ಕೊನೆಗೆ ಓಟದಿಂದ. ಯಾವ ಹಂತ ಅಂತ ಮಗುವೇ ಆರಿಸಿಕೊಳ್ಳಲಿ. ಬಿದ್ದಾಗ ಯಾರಾದರೂ ನಕ್ಕರೆ ಅಲ್ಲೇ ಆಟ ನಿಲ್ಲಿಸುತ್ತೇನೆ. ನಾನು ಖಡಾಖಂಡಿತವಾಗಿ ಇರುವ ಒಂದು ವಿಷಯ ಅದು.

ಮೃದು ಅಂದರೆ ಕೈಬಿಡುವುದು ಅಂತಲ್ಲ. ‘ಆಡ್ಕೊಳ್ಳಿ’ ಅಂತ ಹೇಳಿ ಮೊಬೈಲ್ ಹಿಡಿದು ಕೂತರೆ ದೊಡ್ಡವರೇ ಓಡುತ್ತಾರೆ, ಚಿಕ್ಕವರು ಚೌಕದಲ್ಲಿ ಮಂಡಿ ನೋಯಿಸಿಕೊಂಡು ಕೂರುತ್ತಾರೆ, ಒಂದು ದಿನ ಬರುವುದನ್ನೇ ಬಿಡುತ್ತಾರೆ. ಓಟಕ್ಕೆ ಇಳಿಯುವ ಮೂವರ ತಂಡವನ್ನು ನಾನೇ ಮಾಡುತ್ತೇನೆ, ಎಲ್ಲರ ಸರದಿಯೂ ಬರುವಂತೆ. ಯಾರು ಚೈನ್ ಆಟ (ಕೂತವರ ನಡುವೆ ನುಸುಳುತ್ತ ಓಡುವುದು) ಆಡಬೇಕು, ಯಾರು ರಿಂಗ್ (ಸುತ್ತು ಹಾಕುತ್ತ ಓಡುವುದು) ಹಿಡಿಯಬೇಕು ಅನ್ನುವುದನ್ನು ಮಾತ್ರ ಆ ಮೂವರೇ ಕೂಡಿ ತೀರ್ಮಾನಿಸುತ್ತಾರೆ.

ಅಮೆರಿಕದಲ್ಲಿ ಕ್ರೀಡಾ ಮನೋವಿಜ್ಞಾನಿಗಳಾದ ರೊನಾಲ್ಡ್ ಸ್ಮಿತ್, ಫ್ರಾಂಕ್ ಸ್ಮೋಲ್ ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಇಂಥದ್ದೇ ತರಬೇತಿ ಕೊಟ್ಟು ನೋಡಿದ್ದರು: ತಪ್ಪಾದಾಗ ಧೈರ್ಯ ಹೇಳುವುದು, ತಿದ್ದುವುದು, ಶಿಕ್ಷಿಸದಿರುವುದು. 1992ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಕೋಚ್‌ಗಳ ಕೈಕೆಳಗಿನ ಮಕ್ಕಳಲ್ಲಿ ಮುಂದಿನ ವರ್ಷ ಆಟ ಬಿಟ್ಟವರು ಶೇ. 5, ತರಬೇತಿ ಪಡೆಯದ ಕೋಚ್‌ಗಳ ಮಕ್ಕಳಲ್ಲಿ ಶೇ. 26. ಎರಡೂ ಕಡೆಯ ತಂಡಗಳ ಗೆಲುವು ಸೋಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಗೆಲ್ಲಬೇಕಾದರೆ ಬೈಯಲೇಬೇಕು ಅನ್ನುವವರಿಗೆ ನಾನು ಈ ಲೆಕ್ಕ ತೋರಿಸುತ್ತೇನೆ.

ತಪ್ಪಿಗೆ ಸುತ್ತು ಓಡಿಸುವುದು ನಮ್ಮ ಮೈದಾನಗಳಲ್ಲಿ ಇನ್ನೂ ಹೋಗಿಲ್ಲ. ಓಟವೇ ಆಟದ ಜೀವ, ಅದನ್ನೇ ಶಿಕ್ಷೆ ಮಾಡಿದರೆ ಮಕ್ಕಳು ಓಟವನ್ನೇ ದ್ವೇಷಿಸುತ್ತಾರೆ. ಹೊಡೆತವಂತೂ ಶಾಲೆಗಳಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನ ಪ್ರಕಾರ ನಿಷಿದ್ಧ. ಮಾನಸಿಕ ಹಿಂಸೆಯೂ ಅದರಲ್ಲೇ ಸೇರಿದೆ. ತಡವಾಗಿ ಬಂದವರು ನನ್ನಲ್ಲಿ ತಾವೇ ವಾರ್ಮ್ ಅಪ್ ಮುಗಿಸಿ ಒಳಗೆ ಬರಬೇಕು, ಅಷ್ಟೇ. ಕೂರುವ ಭಂಗಿ ತಿದ್ದಲು ಮೈ ಮುಟ್ಟುವ ಮೊದಲು ಕೇಳಿಯೇ ಮುಟ್ಟುತ್ತೇನೆ. ಹೆಣ್ಣುಮಕ್ಕಳಿಗೆ ಹಿರಿಯ ಆಟಗಾರ್ತಿ ತೋರಿಸಿಕೊಡುತ್ತಾಳೆ.

ಪೋಷಕರಿಗೆ ಪಂದ್ಯದ ದಿನ ಹೇಳುವುದು ಎರಡೇ: ಚಪ್ಪಾಳೆ ಹೊಡೆಯಿರಿ, ಆಟ ಹೇಳಿಕೊಡಬೇಡಿ. ಸೋತರೆ ಮನೆಗೆ ಹೋಗುವ ದಾರಿಯಲ್ಲಿ ಆ ಮಾತು ಎತ್ತಬೇಡಿ, ಮೊದಲು ಹೊಟ್ಟೆಗೆ ಏನಾದರೂ ಕೊಡಿಸಿ. ಏನು ತಪ್ಪಾಯಿತು ಅನ್ನುವುದನ್ನು ಮುಂದಿನ ಅಭ್ಯಾಸದಲ್ಲಿ ಮಕ್ಕಳ ಬಾಯಿಂದಲೇ ಕೇಳಿ, ಅದರಲ್ಲೊಂದನ್ನು ಆರಿಸಿಕೊಂಡು ಆ ದಿನದ ಪಾಠ ಶುರು ಮಾಡುತ್ತೇನೆ.