ಬೋರ್ಡೋಗೆ ಹೊಳವು ಹುಡುಕುವ ಕೆಲಸ

ಅಡಿಕೆಗೆ ಕೊಳೆರೋಗ ಬರಬಾರದು ಅಂದರೆ ಮಳೆಗಾಲ ಹಿಡಿಯುವ ಮೊದಲು ಒಮ್ಮೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಯಬೇಕು. 40–45 ದಿನ ಬಿಟ್ಟು ಇನ್ನೊಮ್ಮೆ. ಕಷ್ಟ ಇರುವುದು ಈ ಎರಡನೆಯದರಲ್ಲಿ. ಅದು ಬರುವುದೇ ಪುನರ್ವಸು, ಪುಷ್ಯ ಮಳೆಯ ನಡುವೆ. ತೀರ್ಥಹಳ್ಳಿ ಕಡೆ ಆಗ ಒಂದು ದಿನ ಹೊಳವಾದರೆ, ಅಂದರೆ ಮಳೆ ಬಿಡುವು ಕೊಟ್ಟರೆ, ಪುಣ್ಯ. ಮರ ಹತ್ತುವವರು ಸಿಗಬೇಕು, ಮೈಲುತುತ್ತ, ಸುಣ್ಣ ತಯಾರಿರಬೇಕು, ಹೊಡೆದ ಮೇಲೆ ಅಡಿಕೆ ಗೊನೆ ಒಣಗಲು ಕೆಲವು ಗಂಟೆ ಬೇಕು. ನಾನು ಹವಾಮಾನದ ಮಾಡೆಲ್ (ಮುಂದಿನ ದಿನಗಳ ಹವೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆ) ನೋಡಲು ಕಲಿತದ್ದು ಈ ಒಂದು ಕಾರಣಕ್ಕೆ.

ಮೊಬೈಲಿನ ಮೋಡದ ಚಿತ್ರ ನಾನು ನೋಡುವುದಿಲ್ಲ. ಜುಲೈಯಲ್ಲಿ ಅದು ದಿನಾ ಮಳೆ ಅಂತಲೇ ತೋರಿಸುತ್ತದೆ. ಅಷ್ಟು ಹೇಳಲು ಆ್ಯಪ್ ಯಾಕೆ, ಅಲ್ವಾ? ಮಾಡೆಲ್‌ಗಳ ಲೆಕ್ಕವನ್ನು ನಕ್ಷೆಯಲ್ಲಿ ತೋರಿಸುವ ವಿಂಡಿ ತೆರೆದು 850 ಹೆಕ್ಟೊಪಾಸ್ಕಲ್ ವಾಯುಒತ್ತಡದ ಮಟ್ಟದ ಗಾಳಿ ನೋಡುತ್ತೇನೆ. ಅದು ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿ.ಮೀ. ಮೇಲೆ ಬೀಸುವ ಗಾಳಿ. ಮುಂಗಾರು ಬಲವಾಗಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ. ಪಡುವಣ ಗಾಳಿ ಗಂಟೆಗೆ 50–60 ಕಿ.ಮೀ. ವೇಗದಲ್ಲಿ ನೇರ ಘಟ್ಟಕ್ಕೆ ಬಡಿಯುತ್ತಿದ್ದರೆ, ಮಾಡೆಲ್ ಕೊಡುವ ಮಳೆಯ ಅಂಕಿ ಎಷ್ಟೇ ಚಿಕ್ಕದಿರಲಿ, ಯಾರಿಗೂ ಫೋನ್ ಮಾಡುವುದಿಲ್ಲ. ಗಾಳಿ ಸೊರಗಿ ವಾಯವ್ಯಕ್ಕೆ ತಿರುಗುವುದು ಕಂಡರೆ ಆಸೆ ಚಿಗುರುತ್ತದೆ.

ಅಂಕಿಯ ಮೇಲೆ ನನಗೆ ಯಾಕೆ ಅನುಮಾನ ಅಂದರೆ, ಮಾಡೆಲ್ ಭೂಮಿಯನ್ನು ಚೌಕ ಮಾಡಿ ನೋಡುತ್ತದೆ. ಯುರೋಪಿನ ಮಾಡೆಲ್‌ನ ಚೌಕ ಸುಮಾರು 9 ಕಿ.ಮೀ., ಅಮೆರಿಕದ ಜಿಎಫ್‌ಎಸ್‌ನದು 13. ಒಂದು ಚೌಕಕ್ಕೆ ಒಂದೇ ಎತ್ತರ. ಸೋಮೇಶ್ವರದಿಂದ ಆಗುಂಬೆಗೆ ಕಡಿದಾಗಿ ಏರುವ ಘಟ್ಟ ಅದರ ಕಣ್ಣಿಗೆ ಉದ್ದದ ಇಳಿಜಾರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಎಷ್ಟು ಇಳಿಯುತ್ತದೆ ಅನ್ನುವುದು ಆ ಚೌಕಗಳಿಗೆ ಪೂರ್ತಿ ಸಿಗುವುದಿಲ್ಲ. ಹಾಗಾಗಿ ನಿನ್ನೆಗಿಂತ ನಾಳೆ ಜಾಸ್ತಿಯೋ ಕಡಿಮೆಯೋ, ಅಷ್ಟು ಮಾತ್ರ ತೆಗೆದುಕೊಳ್ಳುತ್ತೇನೆ.

ಬೆಳಿಗ್ಗೆ 5:30ರ ಹವೆಯ ಸ್ಥಿತಿ ಹಿಡಿದು ಹೊರಟ ಮಾಡೆಲ್‌ನ ಲೆಕ್ಕ ನಮ್ಮ ಕೈಗೆ ಬರುವಾಗ ಹತ್ತು ಗಂಟೆ ಆಗಿರುತ್ತದೆ, ಯುರೋಪಿನದು ಇನ್ನೂ ತಡ. ಒಂದೇ ಲೆಕ್ಕ ನೋಡಿ ಕುಣಿಯಬಾರದು. ಸಂಜೆಯ ಲೆಕ್ಕ, ಮರುದಿನದ ಲೆಕ್ಕ, ಎಲ್ಲವೂ ಅದೇ ದಿನಕ್ಕೆ ಹೊಳವು ಹೇಳಬೇಕು, ಎರಡೂ ಮಾಡೆಲ್ ಒಪ್ಪಬೇಕು. ಆಮೇಲೆ ಮೈಲುತುತ್ತ ನೆನೆಹಾಕುತ್ತೇನೆ. ಐದು ದಿನದಾಚೆಯದನ್ನು ಸುಮ್ನೆ ಕುತೂಹಲಕ್ಕೆ ನೋಡುವುದು.

ಹವಾಮಾನ ಇಲಾಖೆಯ ವರದಿಯನ್ನೂ ಬಿಡುವುದಿಲ್ಲ. ಅದರಲ್ಲಿ ‘ಒಂದೆರಡು ಕಡೆ’ ಅಂದರೆ ಆ ಭಾಗದ ಮಳೆ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಮಳೆ. ‘ಬಹುತೇಕ ಕಡೆ’ ಅಂದರೆ ಮುಕ್ಕಾಲಿಗಿಂತ ಜಾಸ್ತಿ. ನನ್ನ ತೋಟ ಆ ಕಾಲು ಭಾಗದಲ್ಲಿದೆಯೋ ಇಲ್ಲವೋ ವರದಿ ಹೇಳುವುದಿಲ್ಲ, ಹೇಳಲು ಬರುವುದೂ ಇಲ್ಲ. ಅವರ ಒಂದು ದಿನ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ಅಂಗಳದ ಮಳೆಮಾಪಕವನ್ನು ನಾನೂ ಅದೇ ಹೊತ್ತಿಗೆ ಅಳೆಯುತ್ತೇನೆ, ಇಲ್ಲದಿದ್ದರೆ ಹೋಲಿಕೆಯೇ ಕೂಡುವುದಿಲ್ಲ.

ಮೊದಲ ಸಲ ಹೊಡೆಯುವಾಗ ಬರುವ ಮೇ ತಿಂಗಳ ಗುಡುಗು ಮಳೆಗೆ ಇದ್ಯಾವುದೂ ಅಷ್ಟಾಗಿ ನಡೆಯುವುದಿಲ್ಲ. ಅದು ಒಂದು ಊರಿಗೆ ಸುರಿದು ಪಕ್ಕದೂರನ್ನು ಬಿಡುವ ಮಳೆ. ಆಗ ಬೆಳಿಗ್ಗೆ ಬೇಗ ಹೊಡೆಸಿ, ಮಧ್ಯಾಹ್ನದ ಮೊದಲೇ ಹತ್ತಿದವರನ್ನು ಮರದಿಂದ ಇಳಿಸಿಬಿಡುತ್ತೇನೆ.