ಬೇವಿನೆಣ್ಣೆ ಬೆರೆತ ನ್ಯಾನೊನಾರಿನ ಹಂದರ: ಪ್ರಯೋಗಾಲಯದಲ್ಲಿ ತಯಾರಿಸುವ ಕ್ರಮ

ಗಾಯ ಮಾಯುವಾಗ ಹೊಸ ಜೀವಕೋಶಗಳು ಅಂಟಿಕೊಂಡು ಹರಡಲು ಆಸರೆ ಬೇಕು. ದೇಹದಲ್ಲಿ ಕೊಲಾಜೆನ್ ನಾರುಗಳು ಒದಗಿಸುವ ಈ ಆಸರೆಯನ್ನು ಹೋಲುವ ಹಂದರವನ್ನು ಎಲೆಕ್ಟ್ರೋಸ್ಪಿನ್ನಿಂಗ್ ವಿಧಾನದಿಂದ, ಅಂದರೆ ಹೆಚ್ಚಿನ ವೋಲ್ಟೇಜಿನಲ್ಲಿ ಪಾಲಿಮರ್ ದ್ರಾವಣವನ್ನು ಅತಿ ಸಣ್ಣ ನಾರಾಗಿ ಎಳೆದು, ನೇಯಬಹುದು. ಇಲ್ಲಿ ವಿವರಿಸಿರುವುದು ಸಂಶೋಧನೆಯ ಮಾದರಿ ಮಾತ್ರ. ಇದನ್ನು ಮನುಷ್ಯರ ಗಾಯದ ಮೇಲೆ ಬಳಸಬಾರದು.

ಮೊದಲು, ಸಕ್ರಿಯ ಅಂಶಗಳಿಗಾಗಿ ನಾರಿಗೆ ಬೆರೆಸುವ ಎಣ್ಣೆಯ ಆಯ್ಕೆ. ಲವಂಗದ ಎಣ್ಣೆಯಂತಹ ಸುಗಂಧ ತೈಲಗಳು ನೂಲುವಾಗಲೂ ಒಣಗಿಸುವಾಗಲೂ ಆವಿಯಾಗುವುದರಿಂದ, ಕೊನೆಗೆ ನಾರಿನಲ್ಲಿ ಎಷ್ಟು ಉಳಿಯಿತೆಂದು ಅಳೆಯದೆ ಹೇಳಲಾಗದು. ಬೇವಿನೆಣ್ಣೆ ಹಾಗೆ ಸುಲಭವಾಗಿ ಆರುವುದಿಲ್ಲ, ಆದ್ದರಿಂದ ಆರಂಭಿಸುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಬೇವಿನೆಣ್ಣೆಯ ಗುಣ ಗಾಣದಿಂದ ಗಾಣಕ್ಕೆ ಬದಲಾಗುವುದರಿಂದ ಇಡೀ ಪ್ರಯೋಗಕ್ಕೆ ಒಂದೇ ಬಾರಿ ತೆಗೆದ ಎಣ್ಣೆಯನ್ನು ಬಳಸಬೇಕು.

7.5 ಮಿಲಿಲೀಟರ್ ಕ್ಲೋರೋಫಾರ್ಮ್ ಮತ್ತು 2.5 ಮಿಲಿಲೀಟರ್ ಡೈಮೀಥೈಲ್‌ಫಾರ್ಮಮೈಡ್ ಮಿಶ್ರಣಕ್ಕೆ, ಅಣುತೂಕ ಸುಮಾರು 80,000 ಇರುವ 1.2 ಗ್ರಾಂ ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪಾಲಿಮರನ್ನು ಹಾಕಿ, ಬಾಟಲಿಯನ್ನು ಬಿಗಿಯಾಗಿ ಮುಚ್ಚಿ, ಅದು ಪೂರ್ತಿ ಕರಗುವವರೆಗೆ ಕಲಕಬೇಕು. ಎರಡೂ ದ್ರಾವಕಗಳು ವಿಷಕಾರಿಯಾದ ಕಾರಣ ಈ ಕೆಲಸವೆಲ್ಲ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೇ ನಡೆಯಬೇಕು. ಆಮೇಲೆ 60 ಮಿಲಿಗ್ರಾಂ ಎಣ್ಣೆ, ಅಂದರೆ ಪಾಲಿಮರ್ ತೂಕದ ಶೇಕಡಾ 5ರಷ್ಟು, ಸೇರಿಸಿ. ಅರ್ಧ ಗಂಟೆ ಅಲುಗಿಸದೆ ಇಟ್ಟಾಗ ದ್ರಾವಣ ಮಬ್ಬಾದರೆ ಅಥವಾ ಪದರಗಳಾಗಿ ಒಡೆದರೆ ಅದನ್ನು ನೂಲಬೇಡಿ. ಜೊತೆಯಲ್ಲೇ ಎಣ್ಣೆಯಿಲ್ಲದ ಇನ್ನೊಂದು ದ್ರಾವಣವನ್ನೂ ತಯಾರಿಸಿಕೊಳ್ಳಿ. ಅದಿಲ್ಲದೆ ಮುಂದಿನ ಯಾವ ಫಲಿತಾಂಶವನ್ನೂ ಎಣ್ಣೆಯ ಪ್ರಭಾವವೆಂದು ಹೇಳಲು ಆಧಾರವಿರುವುದಿಲ್ಲ.

ಗಾಜಿನ ಸಿರಿಂಜಿಗೆ ದ್ರಾವಣ ತುಂಬಿ, ಗಂಟೆಗೆ 0.5ರಿಂದ 1 ಮಿಲಿಲೀಟರ್ ಹರಿಯುವಂತೆ ಪಂಪ್ ಹೊಂದಿಸಿ, ಸೂಜಿಯಿಂದ 15 ಸೆಂಟಿಮೀಟರ್ ದೂರದಲ್ಲಿ ಅಲ್ಯೂಮಿನಿಯಂ ಹಾಳೆಯ ಸಂಗ್ರಾಹಕವನ್ನಿಟ್ಟು, ವೋಲ್ಟೇಜನ್ನು 12 ಕಿಲೊವೋಲ್ಟ್‌ನಿಂದ ನಿಧಾನವಾಗಿ ಏರಿಸಿ. ಈಗ ಕಣ್ಣು ಸೂಜಿಯ ತುದಿಯ ಮೇಲಿರಲಿ. ದುಂಡಗಿದ್ದ ಹನಿ ಶಂಕುವಿನಂತೆ ಚೂಪಾಗಿ, ಅದರ ತುದಿಯಿಂದ ಸಣ್ಣ ಎಳೆ ಹೊರಟು, ಸ್ವಲ್ಪ ದೂರ ನೇರವಾಗಿ ಸಾಗಿ ಸುರುಳಿ ಸುತ್ತತೊಡಗಿದರೆ ನೂಲುವಿಕೆ ಸರಿಯಾಗಿದೆ. ಹನಿ ಕೆಳಗೆ ತೊಟ್ಟಿಕ್ಕಿದರೆ ಹರಿವನ್ನು ತಗ್ಗಿಸಿ. ತುದಿಯಲ್ಲಿ ಒಣಗಿದ ಪಾಲಿಮರನ್ನು ಒರೆಸುವ ಮುನ್ನ ವಿದ್ಯುತ್ತನ್ನು ಆರಿಸಿ, ಉಳಿದ ಆವೇಶವನ್ನು ಭೂಸಂಪರ್ಕದ ಕಡ್ಡಿಯಿಂದ ಇಳಿಸಲೇಬೇಕು.

ಗಾಳಿಯ ತೇವ ಶೇಕಡಾ 40ರಿಂದ 50ರ ನಡುವೆ ಇರಲಿ. ಮಳೆಗಾಲದ ಮಂಗಳೂರಿನಲ್ಲಿ ತೇವಹಾರಿ ಯಂತ್ರವಿಲ್ಲದೆ ಇದು ಸಾಧ್ಯವಾಗದು. ತೇವ ಹೆಚ್ಚಿದರೆ ನಾರಿನ ಮೈಮೇಲೆ ರಂಧ್ರಗಳು ಮೂಡಬಹುದು.

ನೂತ ಹಾಳೆಯನ್ನು ಕೋಣೆಯ ಉಷ್ಣತೆಯಲ್ಲೇ ನಿರ್ವಾತದಲ್ಲಿ 48 ಗಂಟೆ ಒಣಗಿಸಿ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಒಲೆಯೂ ಬಿಸಿ ಹಬೆಯಿಂದ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವೂ ಇದಕ್ಕೆ ಸಲ್ಲವು. ಚಿನ್ನದ ತೆಳು ಲೇಪ ಕೊಟ್ಟು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಾರಿನುದ್ದಕ್ಕೂ ಮಣಿಗಳು ಕಂಡರೆ, ಎಣ್ಣೆ ದ್ರಾವಣವನ್ನು ತೆಳುವಾಗಿಸಿರುವ ಸಾಧ್ಯತೆಯಿದೆ; ಆಗ ವೋಲ್ಟೇಜ್ ಏರಿಸುವುದಕ್ಕಿಂತ ಪಾಲಿಮರ್ ಪ್ರಮಾಣವನ್ನು ತುಸು ಹೆಚ್ಚಿಸುವುದು ಒಳ್ಳೆಯದು.

ಕ್ರಿಮಿಶುದ್ಧಿಗೆ ಶೇಕಡಾ 70ರ ಎಥನಾಲ್‌ನಲ್ಲಿ ನೆನೆಸುವ ರೂಢಿಯಿದ್ದರೂ, ಎಣ್ಣೆಯ ಸಕ್ರಿಯ ಅಂಶಗಳು ಅದರಲ್ಲಿ ಕರಗಿ ಹೊರಹೋಗಬಹುದು. ಎರಡೂ ಬದಿಗೆ ನೇರಳಾತೀತ ಬೆಳಕು ಹಾಯಿಸುವುದು ಪ್ರಯೋಗಾಲಯದ ಪರೀಕ್ಷೆಗೆ ಹೆಚ್ಚು ಸೂಕ್ತ. ಬಳಿಕ ಎಣ್ಣೆಯಿರುವ ಮತ್ತು ಇಲ್ಲದ ಹಾಳೆಗಳ ಸಾರವನ್ನು ಬೇರೆ ಬೇರೆಯಾಗಿ, ಕೊಲಾಜೆನ್ ತಯಾರಿಸುವ ಫೈಬ್ರೊಬ್ಲಾಸ್ಟ್ ಕೋಶಗಳ ಮೇಲೆ ಪರೀಕ್ಷಿಸಿ. ಐಎಸ್‌ಒ 10993-5 ಎಂಬ ಕೋಶವಿಷ ಪರೀಕ್ಷೆಯ ಮಾನದಂಡದ ಪ್ರಕಾರ ಕೋಶಗಳ ಜೀವಂತಿಕೆ ಶೇಕಡಾ 70ಕ್ಕಿಂತ ಕೆಳಗಿಳಿದರೆ ಅದು ಕೋಶವಿಷ. ಎಣ್ಣೆಯಿಲ್ಲದ ಹಾಳೆಯಲ್ಲೂ ಹಾಗಾದರೆ ಮೊದಲು ಉಳಿದ ದ್ರಾವಕವನ್ನು ಶಂಕಿಸಿ, ಹೆಚ್ಚು ಹೊತ್ತು ಒಣಗಿಸಿ. ಎಣ್ಣೆಯ ಹಾಳೆಯಲ್ಲಿ ಮಾತ್ರ ಹಾಗಾದರೆ ಎಣ್ಣೆಯ ಪ್ರಮಾಣವನ್ನು ಅರ್ಧಕ್ಕಿಳಿಸಿ ಮತ್ತೆ ನೂಲಿ.